ನಿಮ್ಮ ದಾರಿಯ ಮೇಲೆ ವಿಮಾನ

ಜಮಖಂಡಿ
14 ಡಿಸೆಂಬರ್ 2009

ಪ್ರೀತಿಯ ಅಪ್ಪಾ,

ನಿಮ್ಮ ಮೃಣ್ಮಯಿಯ ನಮಸ್ಕಾರ. ಮೊಣಕಾಲು ನೋವು ಹೇಗಿದೆ? ಮಿರಜಿನ ಚಳಿಯಲ್ಲಿ ಬೆಳಗಿನ ತಿರುಗಾಟ ಬೇಡವೆಂದು ಅವ್ವ ಹೇಳಿದ್ದಾಳೆ. ಇನ್ನೆಷ್ಟು ವರ್ಷ ತಂಗಿಯ ಮನೆಯಲ್ಲಿ ಇರುತ್ತೀರಿ ಎಂದೂ ಕೇಳಿದಳು. ಅದನ್ನು ಬರೆಯಬೇಡ ಅಂದಿದ್ದಳು, ಬರೆದೆ.

ಈಗ ಸುದ್ದಿ. ಕಚೇರಿಯಲ್ಲಿ ನಿಮ್ಮ ಜೊತೆಗಿದ್ದ ನಂದಕಿಶೋರ ನನ್ನ ಕೈಗೆ ಸಿಕ್ಕಿದ್ದ. ಆತನನ್ನು ಕಾಕಾ ಎನ್ನುವುದು ಬಿಟ್ಟು ಹನ್ನೆರಡು ವರ್ಷವಾಯಿತು. ಅಂದು ಮುಧೋಳದಿಂದ ರನ್ನ ಬೆಳಗಲಿಯ ತನಕ ನೀವು ನಡೆದು ಭೂಮಿಯ ಗುರುತ್ವ ಅಳೆದಿರಿ. ಅಂಕಿಗಳು ಆತ ಮೊದಲೇ ಬರೆದಿದ್ದ ಗುರುತ್ವದ ನಕ್ಷೆಗೆ ಹೊಂದಲಿಲ್ಲ. ತನ್ನ ನಕ್ಷೆ ತಪ್ಪೆಂದು ಒಪ್ಪುವ ಬದಲು ಕಚೇರಿಯಲ್ಲಿ ಎಲ್ಲರೆದುರು, "ನಾರಾಯಣರಾಯರು ಮನ್ಯಾಗ ಕುಂತು ಅಂಕಿ ಬರದಾರ" ಅಂದ. ನೀವು ರಾಜೀನಾಮೆ ಕೊಟ್ಟು ಊರೇ ಬಿಟ್ಟಿರಿ. ನಾನು ಮರೆಯಲಿಲ್ಲ. ನಾನು ಇದೇ ಓದು ಓದಿದ್ದು ಅದಕ್ಕೇ.

ಈಗ ಆತನದೇ ಕಂಪನಿ. ವಿಮಾನದಲ್ಲಿಟ್ಟು ಗುರುತ್ವ ಅಳೆಯುವ ಯಂತ್ರ ತಂದಿದ್ದ; ಅದರ ನಿಖರತೆ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಹೊಣೆ ನಮ್ಮ ಕಚೇರಿಯಲ್ಲಿ ನನಗೆ ಬಂತು. ವಿಮಾನದ ಕುಲುಕಾಟದಲ್ಲಿ ಯಂತ್ರವನ್ನು ಎಷ್ಟು ನಂಬಬಹುದೆಂದು ತಿಳಿಯಲು ಒಂದೇ ದಾರಿಯ ಮೇಲೆ ಮತ್ತೆ ಮತ್ತೆ ಹಾರಿಸಿ, ಹಾರಾಟದ ಎತ್ತರದಿಂದ ಬರುವ ವ್ಯತ್ಯಾಸ ಕಳೆದು, ನೆಲದ ಮೇಲೆ ಅಳೆದ ಅಂಕಿಗಳೊಡನೆ ಹೋಲಿಸುತ್ತೇವೆ, ನಿಮಗೇನು ಹೇಳುವುದು. ದಾರಿ ಆರಿಸುವವಳು ನಾನು. ನಿಮ್ಮ ದಾರಿಯನ್ನೇ ಆರಿಸಿದೆ; ನಿಮ್ಮ ಅಂಕಿಗಳು ಹಳೆಯ ಕಡತದಲ್ಲಿ ಹಾಗೇ ಇದ್ದವು. ನೆಲದ ಅಂಕಿ ಯಾರು ಅಳೆದದ್ದೆಂದು ಕಂಪನಿಗೆ ತಿಳಿಸುವ ಪದ್ಧತಿ ಇಲ್ಲ. ಆ ಪದ್ಧತಿಯನ್ನು ಬಹಳ ಭಕ್ತಿಯಿಂದ ಪಾಲಿಸಿದೆ. ಆತನಿಗೆ ಆ ದಾರಿ ನೆನಪೇ ಇರಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಫಲಿತಾಂಶದ ದಿನ ಗ್ರಾಫಿನಲ್ಲಿ ಯಂತ್ರದ ಗೆರೆ ನಿಮ್ಮ ಗೆರೆಯ ಮೇಲೆಯೇ ಕೂತಿತ್ತು. ತುಂಬಿದ ಸಭೆಯಲ್ಲಿ ಆತ ಹಿಗ್ಗಿ, "ನೆಲದ ಅಂಕಿ ಎಷ್ಟು ಛಲೋ ಅದಾವ ನೋಡ್ರಿ, ನನ್ನ ಯಂತ್ರನೂ ಅಷ್ಟ ಖರೆ" ಅಂದ. ನಾನು ಎದ್ದು ಮೆತ್ತಗೆ ಹೇಳಿದೆ: "ಆ ಅಂಕಿ ನಮ್ಮ ಅಪ್ಪಾರವು ರೀ. ಮನ್ಯಾಗ ಕುಂತು ಬರದಾರ ಅಂತ ನೀವ ಅಂದಿದ್ರಿ. ಅವು ಸುಳ್ಳಾದ್ರ ನಿಮ್ಮ ಯಂತ್ರನೂ ಸುಳ್ಳ. ಯಾವುದು ಹೇಳ್ರಿ."

ಆತ ನೀರು ಕೇಳಿದ. ಕುಡಿದು, "ಖರೆ ಅದಾವ" ಅಂದ. ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಹೇಳಿಸಿದೆ. ನನಗೆ ಬಹಳ ಸುಖವಾಯಿತು ಅಪ್ಪಾ, ಸುಳ್ಳು ಯಾಕೆ ಹೇಳಲಿ.

ಅತ್ತೆಗೆ ನನ್ನ ನಮಸ್ಕಾರ. ಹೊರಗೆ ಹೋಗುವಾಗ ಮಫ್ಲರ್ ಕಟ್ಟಿಕೊಳ್ಳಿ.

ನಿಮ್ಮ ಮಗಳು,
ಮೃಣ್ಮಯಿ

ತಾ.ಕ.: ಆತ ಮಿರಜಿಗೇ ಬಂದು, ಗುಟ್ಟಾಗಿ ನಿಮ್ಮ ಕ್ಷಮೆ ಕೇಳುತ್ತಾನಂತೆ. ಬಾಗಿಲು ತೆಗೆಯಬೇಡಿ. ಆ ಮಾತು ಅಂದದ್ದು ಇಲ್ಲಿ, ಎಲ್ಲರೆದುರು. ಕ್ಷಮೆ ಕೇಳುವುದೂ ಇಲ್ಲೇ ಆಗಲಿ. ನೀವು ಜಮಖಂಡಿಗೆ ಬಂದು ಅದೇ ಸಭೆಯಲ್ಲಿ ಆತನೆದುರು ಕುರ್ಚಿಯಲ್ಲಿ ಕೂರುವ ತನಕ ಆತನ ಯಂತ್ರದ ಪ್ರಮಾಣಪತ್ರಕ್ಕೆ ನಾನು ರುಜು ಹಾಕುವುದಿಲ್ಲ.