ಆಪತ್ತಿಗೆಂದು ಇಟ್ಟ ಕೀ

ಮಾರ್ಚ್ 3, ಸೋಮವಾರ

ಬೆಳಿಗ್ಗೆಯಿಂದ ಮರೆತವರದ್ದೇ ಮೆರವಣಿಗೆ. ಡ್ರಾಯಿಂಗ್ ಮೇಷ್ಟ್ರು ತಮ್ಮ ಪಾಸ್‌ವರ್ಡನ್ನು ಕ್ಲಾಸಿನ ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟಿದ್ದರು. "ಮರೆತುಹೋಗುತ್ತಲ್ಲಮ್ಮ, ಏನ್ ಮಾಡ್ಲಿ?" ಪಾಠ, ಹಾಜರಿ, ಪರೀಕ್ಷೆ, ಗೇಟಿನ ಕಾರ್ಡು — ಶಾಲೆಯಲ್ಲಿ ಎಲ್ಲಕ್ಕೂ ಒಂದೇ ಲಾಗಿನ್. ಕಟ್ಟಿದವಳು ನಾನು. ಆ ಒಂದನ್ನೂ ನೆನಪಿಡಲಾರರು ಪುಣ್ಯಾತ್ಮರು.

ಊಟ ಆಫೀಸ್ ಅಕ್ಕನ ಜೊತೆ. ಎಂದಿನಂತೆ ಅವಳ ಡಬ್ಬಿ ನನಗೆ, ನನ್ನದು ಅವಳಿಗೆ. ಸಿಬ್ಬಂದಿಯ ಸೇರ್ಪಡೆ, ರಜೆ, ಸಂಬಳ ನೋಡಿಕೊಳ್ಳುವವಳು ಅವಳೇ.

"ಯಾರಾದ್ರೂ ಕೆಲಸ ಬಿಟ್ರೆ ಲಾಗಿನ್ ಮುಚ್ಚೋಕೆ ಪ್ರತಿ ಸಲ ನಿನ್ನನ್ನೇ ಕರೀಬೇಕಾ?"

ಬೇಡ. ಹೆಸರಿನ ಮುಂದೆ 'ಕೊನೆಯ ದಿನ' ಅಂತ ಒಂದು ಕಾಲಂ. ತುಂಬಿಸಿದರೆ ಸಾಕು, ಆ ದಿನ ಮುಗಿಯುತ್ತಲೇ ಎಲ್ಲ ಬಾಗಿಲೂ ಒಟ್ಟಿಗೆ ಮುಚ್ಚುತ್ತವೆ.

"ಎಲ್ಲಿ, ನಿನ್ನ ಹೆಸರಲ್ಲೇ ತೋರಿಸು. ಶುಕ್ರವಾರದ ತಾರೀಖು ಹಾಕು."

ಹಾಕಿದೆ. ಆಮೇಲೆ ಅಳಿಸಿಬಿಡು ಅಂದೆ. "ಅಳಿಸ್ತೀನಿ ಬಿಡು" ಅಂದಳು. ಇಬ್ಬರೂ ನಕ್ಕೆವು.

ಮಾರ್ಚ್ 10, ಸೋಮವಾರ

ಲಾಗಿನ್ ಆಗಲಿಲ್ಲ. ಮೇಲ್ ಇಲ್ಲ, ಹಾಜರಿ ಇಲ್ಲ; ಗೇಟಿನ ಕಾರ್ಡೂ ಕೆಂಪು, ವಾಚ್‌ಮನ್ ಒಳಗೆ ಬಿಟ್ಟ. 'ಈ ಖಾತೆ ಚಾಲ್ತಿಯಲ್ಲಿಲ್ಲ' — ನಾನೇ ಬರೆದ ವಾಕ್ಯ. ಓದಿ ನಗು ಬಂತು. ಅಕ್ಕ ತಾರೀಖು ಅಳಿಸಲು ಮರೆತಿದ್ದಾಳೆ. ದಿನ ದಾಟಿದ ಮೇಲೆ ಅಳಿಸಿದರೂ ಖಾತೆ ತೆರೆಯದು, ನಾನೇ ಒಳಗೆ ಹೋಗಿ ತೆರೆಯಬೇಕು.

ಹೋಗಿ ಹೇಳಿದರೆ ಮುಖ ಬಿಳಚಿಕೊಂಡಿತು. "ಮರೆತೇಹೋಯ್ತು ಕಣೇ. ಪ್ರಿನ್ಸಿಪಾಲರಿಗೆ ಗೊತ್ತಾದ್ರೆ ನನ್ನನ್ನ ಹುರಿದು ಮುಕ್ತಾರೆ."

ಆಪತ್ತಿಗೆಂದು ಇಟ್ಟ ಕೀ ನನ್ನ ಬಳಿಯೇ ಇರುತ್ತದೆ. ಪೆನ್‌ಡ್ರೈವ್ ಥರದ್ದು, ಬೆರಳಿನಷ್ಟುದ್ದ, ಮನೆ ಬೀಗದ ಕೈ ಜೊತೆ ಗೊಂಚಲಿನಲ್ಲಿ. ಎಲ್ಲರ ಲಾಗಿನ್ ಕೆಟ್ಟರೂ ಅದನ್ನು ಕಂಪ್ಯೂಟರಿಗೆ ಚುಚ್ಚಿ, ಪಿನ್ ಒತ್ತಿದರೆ ಒಳಗೆ ಹೋಗಬಹುದು. ಈಗಲೇ ಸರಿಮಾಡ್ತೀನಿ ಅಂದೆ. ತಡೆದಳು. ಕೀ ಬಳಸಿದ ಕೂಡಲೇ ಪ್ರಿನ್ಸಿಪಾಲರ ಫೋನಿಗೆ ಸಂದೇಶ ಹೋಗುತ್ತದೆ, ನಿಜ.

"ಕೀ ನನ್ನ ಹತ್ರ ಇರ್ಲಿ. ಅವರ ಮೂಡ್ ನೋಡ್ಕೊಂಡು ನಾನೇ ಹೇಳ್ತೀನಿ, ಆಮೇಲೆ ಕರೀತೀನಿ. ಅಲ್ಲೀವರೆಗೆ ಮನೇಲಿ ಆರಾಮಾಗಿರು."

ಗೊಂಚಲಿನಿಂದ ಬಿಡಿಸುವಾಗ ಉಗುರು ಮುರಿಯಿತು. ಪಿನ್ ಬೇಕಾದಾಗ ಫೋನ್ ಮಾಡು ಅಂದು ಬಂದೆ.

ಮಾರ್ಚ್ 11

ಫೋನ್ ಇಲ್ಲ. ಪಾಪ, ಬೈಸಿಕೊಳ್ಳುತ್ತಿದ್ದಾಳೋ ಏನೋ.

ಮಾರ್ಚ್ 14, ಶುಕ್ರವಾರ

ಕಾಯಲಾಗದೆ ಹೋದೆ. ಗೇಟಿನಲ್ಲಿ ಕಾರ್ಡು ಮತ್ತೆ ಕೆಂಪು ತೋರಿಸಿತು. ವಾಚ್‌ಮನ್ ತಲೆ ತಗ್ಗಿಸಿಕೊಂಡೇ ಮಾತಾಡಿದ.

"ಮೇಡಂ, ನಿಮ್ಮ ಜಾಗಕ್ಕೆ ಯಾವುದೋ ಕಂಪನಿಯೋರು ಬಂದವ್ರೆ. ಆಫೀಸ್ ಮೇಡಂ ಹೋದ ತಿಂಗಳೇ ಹೇಳಿದ್ರು, ನಿಮ್ಮ ಕಿವಿಗೆ ಬೀಳಬಾರದು ಅಂತ."

ಹೋದ ತಿಂಗಳು. ಅಂದರೆ ಡಬ್ಬಿ ಬದಲಾಯಿಸಿಕೊಳ್ಳುತ್ತಿದ್ದಾಗಲೆಲ್ಲ ಗೊತ್ತಿತ್ತು.

ಅಕ್ಕ ಗೇಟಿಗೆ ಬಂದಳು. ಒಳಗೆ ಬಾ ಅನ್ನಲಿಲ್ಲ.

"ನನ್ನ ಕೈಲೇನಿದೆ ಹೇಳು? ಮೇಲಿನವರು ತಗೊಂಡ ತೀರ್ಮಾನ. ಮೊದಲೇ ಹೇಳಿದ್ರೆ ನೀನು ಕೀ ಕೊಡಲ್ಲ ಅಂದ್ಕೊಂಡ್ರು."

"ಅವರು ಅಂದ್ಕೊಂಡ್ರಾ, ನೀನು ಅಂದ್ಕೊಂಡ್ಯಾ?"

ಸೆರಗು ಸರಿಮಾಡಿಕೊಂಡಳು.

ನಂಬಿಸಿ ಕತ್ತು ಕೊಯ್ದಳು. ಕೆಲಸ ಹೋಯಿತು, ಇನ್ನೊಂದು ಸಿಕ್ಕೀತು. ಆದರೆ ಆ ತಾರೀಖನ್ನು ನನ್ನ ಕೈಯಿಂದಲೇ ಹಾಕಿಸಿದಳಲ್ಲ... ಹಾಕಿಸಿ ನನ್ನ ಜೊತೆ ನಕ್ಕಳಲ್ಲ. ನನ್ನ ಡಬ್ಬಿ ಅವಳ ಬಳಿಯೇ ಉಳಿಯಿತು.

ಮಾರ್ಚ್ 16, ಭಾನುವಾರ, ಮಧ್ಯಾಹ್ನ

ನಾಳೆಯಿಂದ ಮಕ್ಕಳಿಗೆ ಆನ್‌ಲೈನ್ ಪರೀಕ್ಷೆ. ಅವರ ಬಳಿ ಕೀ ಇದೆ, ಪಿನ್ ಇಲ್ಲ. ಹೊಸ ಕಂಪನಿಯವರು ವ್ಯವಸ್ಥೆಯೊಳಗೆ ಹೋಗಲಾಗದೆ ಬಾಗಿಲಲ್ಲೇ ನಿಂತಿದ್ದಾರೆ. ಬೆಳಿಗ್ಗೆಯಿಂದ ಅವಳ ಫೋನ್ ಮೇಲೆ ಫೋನ್ — ಎತ್ತಿಲ್ಲ. ಈಗ ಮೆಸೇಜು: 'ನಿನ್ನ ಹುಟ್ಟಿದ ದಿನ ಹಾಕಿದೆ, ಶಾಲೆ ಶುರುವಾದ ವರ್ಷ ಹಾಕಿದೆ, ಪ್ರಿನ್ಸಿಪಾಲರ ಕಾರ್ ನಂಬರೂ ಹಾಕಿದೆ. ಇನ್ನು ಒಂದು ಸಲ ತಪ್ಪಿದ್ರೆ ಕೀ ಸತ್ತೇಹೋಗುತ್ತಂತೆ. ಮಕ್ಕಳ ಮುಖ ನೋಡಿಯಾದ್ರೂ ಹೇಳು.'

ಮಕ್ಕಳ ಮುಖ. ಅದನ್ನು ತೋರಿಸಿ ಕೇಳುವಷ್ಟು ನನ್ನನ್ನು ಬಲ್ಲಳು. ಆದರೆ ಪಿನ್ ಮಾತ್ರ ಹೊಳೆದಿಲ್ಲ.

ಅಮ್ಮ ಆಸ್ಪತ್ರೆಯಲ್ಲಿದ್ದ ವರ್ಷ ಇಟ್ಟ ಪಿನ್. ಆಗ ಹಗಲು ನಾನು ಶಾಲೆಗೆ ಹೋದರೆ ಅಮ್ಮನ ಬಳಿ ರಜೆ ಹಾಕಿ ಕೂರುತ್ತಿದ್ದವಳು ಇವಳೇ. ಸಾಯುವವರೆಗೂ ಮರೆಯದ ಒಂದು ತಾರೀಖು ಬೇಕಿತ್ತು. ಅವಳು ಹುಟ್ಟಿದ ದಿನ ಇಟ್ಟೆ. ಏನೇನೋ ಒತ್ತಿ ನೋಡಿದ್ದಾಳೆ, ಅವಳ ತಾರೀಖೊಂದನ್ನು ಬಿಟ್ಟು.

ಹೇಳಲೇಬೇಕು. ಮಕ್ಕಳೇನು ಮಾಡಿದ್ದಾರೆ ಪಾಪ.

ಮತ್ತೆ ಫೋನ್. ಎತ್ತಿ ಆ ತಾರೀಖು ಹೇಳಿದ ಕೂಡಲೇ ಅವಳಿಗೆ ಗೊತ್ತಾಗಿಬಿಡುತ್ತದೆ, ನಾನು ಅವಳನ್ನು ಎಷ್ಟು ಹಚ್ಚಿಕೊಂಡಿದ್ದೆ ಅಂತ.