ಗೊರಕೆ ನಿಂತಾಗಿನ ನಗು

ಅಪ್ಪಾ,

ನನಗೂ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಯಂತೆ. ಮಲಗುವಾಗ ಮೂಗಿಗೆ ಹಾಕಿಕೊಳ್ಳಲು ಇವತ್ತು ಒಂದು ಮೆಷಿನ್ ಕೊಟ್ಟರು. "ನಿಮ್ಮ ತಂದೆಗೂ ಇತ್ತಾ?" ಎಂದು ಡಾಕ್ಟರು ಕೇಳಿದಾಗ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದ ನಿನ್ನ ಗೊರಕೆಯನ್ನು ಅವರಿಗೆ ಕೇಳಿಸಿದೆ. ನೆಂಟರು ಬಂದಾಗಲೆಲ್ಲ ಹಾಕಿ ನಗಿಸುತ್ತಿದ್ದೆನಲ್ಲ, ಅದೇ.

ಗೊರಕೆ ಗಕ್ಕನೆ ನಿಂತಿತು. "ಇಂಜಿನ್ ಆಫ್!" ಎಂಬ ಕೂಗು, ಹಿಂದೆಯೇ ನಗು. ಡಾಕ್ಟರು ನಗಲಿಲ್ಲ, ಗಡಿಯಾರ ನೋಡುತ್ತಿದ್ದರು.

"ಇಪ್ಪತ್ತೆರಡು ಸೆಕೆಂಡು ಉಸಿರೇ ಆಡಿಲ್ಲ. ನಗ್ತಿರೋದು ಯಾರು?"

"ನಾನೇ ಸಾರ್."

ನೀನು ನಿದ್ದೆಯಲ್ಲೇ ಹೋದಾಗ "ಸುಖವಾದ ಸಾವು, ಪುಣ್ಯವಂತ" ಎಂದವರಿಗೆಲ್ಲ ನಾನೂ ತಲೆಯಾಡಿಸಿದ್ದೆ.

ಮನೆಗೆ ಬಂದು ಆ ರೆಕಾರ್ಡಿಂಗ್ ಅಳಿಸಲು ಹೋದೆ, ಮನಸ್ಸು ಬರಲಿಲ್ಲ. ಅದರಲ್ಲಿ ಇಪ್ಪತ್ತಮೂರನೆಯ ಸೆಕೆಂಡಿಗೆ ನೀನು ಮತ್ತೆ ಉಸಿರೆಳೆದುಕೊಳ್ಳುತ್ತೀಯ.