ತಾಟಿನ ಮೇಲಿನ ಕೈ

ಸಂಪಗಾಂವ
೧೦-೩-೧೯೯೯

ಚಿ. ಸೌ. ಶೀತಲಳಿಗೆ,

ನಿನ್ನ ಅವ್ವನ ಆಶೀರ್ವಾದ. ನೀನು ಹಾಕಿದ ಪತ್ರ ಹೋಳಿ ಹುಣ್ಣಿಮೆಗಿಂತ ಮುಂಚೆಯೇ ಕೈ ಸೇರಿದೆ. ಉತ್ತರ ತಡವಾಯಿತು, ಸಿಟ್ಟಾಗಬೇಡ. ಮೈ ನೆಟ್ಟಗಿದೆ. ಕೂತರೆ ಕೂತಲ್ಲೇ ಹೊತ್ತು ಹೋಗುತ್ತದೆ, ಅಷ್ಟೇ. ನೀನು ಒಂದನೇ ಇಯತ್ತೆಯಲ್ಲಿದ್ದಾಗ ನಿನ್ನ ಪಾಟಿಯ ಮೇಲೆ ನಿನ್ನ ಸಂಗಡವೇ ಕಲಿತ ಅಕ್ಷರ ಇವು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ಸಂಕ್ರಾಂತಿಯ ಮರುವಾರ ನಿಮ್ಮಪ್ಪ ಹೋದ ಮೇಲೆ ಹೋಳಿಯೇ ಸಿಹಿ ಊಟದ ಮೊದಲ ಹಬ್ಬ. ಸತ್ತವರ ಮನೆಗೆ ಬಳಗದವರು ಬಂದು ಬಾಯಿ ಸಿಹಿ ಮಾಡಿಸಬೇಕಲ್ಲ, ಓಣಿಯ ಹೆಂಗಸರೆಲ್ಲ ಬುಟ್ಟಿ ತುಂಬ ಹೋಳಿಗೆ ತಂದರು. ನಾನು ರೂಢಿಯಂತೆ ಒಂದನ್ನು ಮುರಿಯಲು ಹೋದೆ. ಪಕ್ಕದ ಮನೆಯ ಮರೆವ್ವ ಕೈ ಹಿಡಿದಳು. "ಇಡೀದ ಉಣ್ಣ ಯವ್ವಾ. ಇನ್ನ ಯಾರಿಗಂತ ಅರ್ಧಾ ಮುರೀತಿ?" ಅಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಹೌದಲ್ಲ ಅನ್ನಿಸಿತು. ಬೈಲಹೊಂಗಲದ ಡಾಕ್ಟರು ನಿಮ್ಮಪ್ಪನಿಗೆ ಹಬ್ಬಕ್ಕೆ ಅರ್ಧ ಹೋಳಿಗೆ ಸಾಕು ಅಂದ ದಿನದಿಂದ ಮಿಕ್ಕ ಅರ್ಧ ನನ್ನ ತಾಟಿಗೆ ಬರುತ್ತಿತ್ತು. ನನಗೇನು ಸಕ್ಕರೆ ಬ್ಯಾನಿ ಇರಲಿಲ್ಲ. ಅವರ ಮುಂದೆ ಕೂತು ಇಡೀದು ತಿನ್ನುವುದು ಹೇಗೆ?

ಇಡೀದು ಉಂಡೆ. ಬೆಲ್ಲವೋ ಮಣ್ಣೋ ತಿಳಿಯಲಿಲ್ಲ. ಕೈ ತೊಳೆಯುವಾಗ ನಿಮ್ಮ ವೈನಿ ವಿಜಯಾ ನಾಲಿಗೆ ಕಚ್ಚಿಕೊಂಡು ಬಂದಳು. "ಅತ್ತೀ, ಸಾರಿಗೆ ಉಪ್ಪ ಹಾಕೋದ ಮರತೇನ್ರಿ. ನೀವ ಎರಡ ಸಲ ಹಾಕಸ್ಕೊಂಡ್ರಿ, ಹೇಳಬಾರ್ದೇನ್ರಿ?" ಹೊಟ್ಟೆಗೆ ಹೋಗುತ್ತದೆ, ಬಾಯಿಗೆ ತಿಳಿಯುವುದಿಲ್ಲ. ಅಳು ಬಂದರೆ ಹಗುರಾಗುತ್ತದೆ ಅಂತ ಎಲ್ಲರೂ ಅನ್ನುತ್ತಾರೆ. ಅದೂ ಬರುತ್ತಿಲ್ಲ.

ಈಗ ನಿನ್ನ ಮಾತು. ರಕ್ತ ಪರೀಕ್ಷೆ ಮಾಡಿಸಿದಾಗ ನಿನಗೂ ಸಕ್ಕರೆ ಇದೆ ಅಂದರು ಅಂತ ಬರೆದಿದ್ದೀ. ಅತ್ತೆ ಮಾವನಿಗೆ ಹೇಳಿಲ್ಲವಂತೆ. ಯುಗಾದಿಗೆ ಪಂಕ್ತಿಯಲ್ಲಿ ಎಲ್ಲರ ಎದುರು ಒಲ್ಲೆ ಅಂದರೆ ಮಾವನವರು ಬೇಸರ ಮಾಡಿಕೊಳ್ಳುತ್ತಾರೆ, ಒಂದು ದಿನ ಉಂಡರೆ ಏನಾಗುತ್ತದೆ ಅಂತ ಕೇಳಿದ್ದೀ. ಓದಿ ಪತ್ರವನ್ನು ದೇವರ ಜಗಲಿಯ ಮೇಲೆ ಇಟ್ಟುಬಿಟ್ಟೆ. ತಡವಾದದ್ದು ಅದಕ್ಕೇ.

ನಿಮ್ಮಪ್ಪ ಉಣ್ಣುತ್ತಿದ್ದ ರೀತಿ ನಿನಗೆ ನೆನಪಿದೆಯಲ್ಲ. ಹಬ್ಬವಿದ್ದರೂ ಮುಂಜಾನೆ ಹೊಟ್ಟೆ ಖಾಲಿ ಇಡುತ್ತಿರಲಿಲ್ಲ. ಊಟಕ್ಕೆ ಕೂತರೆ ಮೊದಲು ಹಸಿ ಮೂಲಂಗಿ, ಮೆಂತ್ಯದ ಸೊಪ್ಪು, ಆಮೇಲೆ ಅರ್ಧ ರೊಟ್ಟಿ ಕಾಳುಪಲ್ಯ. ಕಡೆಗೆ ಹೋಳಿಗೆ. ಆ ಅರ್ಧವನ್ನೇ ಸಣ್ಣ ಸಣ್ಣ ಚೂರು ಮಾಡಿ ಬಾಯಲ್ಲಿಟ್ಟು ಕಣ್ಣು ಮುಚ್ಚುತ್ತಿದ್ದರು. "ಈ ಸಲದ ಬ್ಯಾಳಿ ನಮ್ಮ ಕೆಳಗಿನ ಹೊಲದ್ದು. ಹೂರಣಾ ವಿಜಯಾ ರುಬ್ಬ್ಯಾಳ, ನಿನ್ನ ಕೈ ಅಲ್ಲ" ಅನ್ನುತ್ತಿದ್ದರು. ತಪ್ಪುತ್ತಿರಲಿಲ್ಲ. ನಿಮ್ಮಣ್ಣ ಮಹಾದೇವ ಚಾಷ್ಟಿ ಮಾಡುತ್ತಿದ್ದ. "ಅಪ್ಪಾ, ಎತ್ತ ಮೆಲಕ ಹಾಕಿದಂಗ ಹಾಕಾಕತ್ತೀಯಲ್ಲೋ!"

"ಎತ್ತಿಗೆ ಸಕ್ಕರಿ ಬ್ಯಾನಿ ಬಂದದ್ದ ಎಲ್ಲ್ಯರೆ ಕೇಳೀಯೇನ?" ಅಂತ ಇವರು.

ಅರ್ಧ ಹೋಳಿಗೆಯಲ್ಲಿ ಅವರು ಇಡೀ ಹಬ್ಬ ಉಣ್ಣುತ್ತಿದ್ದರು, ಶೀತಲ.

ನಿನ್ನ ಮಾವ ದುಂಡಪ್ಪನವರು ದೊಡ್ಡ ಮನಸ್ಸಿನವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಪಂಕ್ತಿಯಲ್ಲಿ ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಬೇಡ ಅಂತ ಯಾರೂ ತಿಳಿಯುವುದಿಲ್ಲ, ಇನ್ನೂ ಒತ್ತಾಯ ಬೇಕು ಅಂತ ತಿಳಿಯುತ್ತಾರೆ. ಕೈಯ ಮೇಲೆಯೇ ತುಪ್ಪ ಸುರಿಯುತ್ತಾರೆ. ಅದಕ್ಕೇ ಪಂಕ್ತಿಯ ತನಕ ಕಾಯಬೇಡ. ಯುಗಾದಿಯ ಮುಂಜಾನೆ ಬೇವು ಬೆಲ್ಲ ಕೊಡುವಾಗಲೇ ಹೇಳು. "ಮಾಂವಾರ, ನಮ್ಮಪ್ಪನ ಬ್ಯಾನಿ ನನಗೂ ಬಂದೈತ್ರಿ, ಅರ್ಧಾ ಹೋಳಿಗಿ ನೀವ ನಿಮ್ಮ ಕೈಲೆ ನೀಡ್ರಿ" ಅನ್ನು. ಅವರು ಮನೆಯ ಹಿರಿಯರು. ನೀಡುವ ಮರ್ಯಾದೆ ಅವರಲ್ಲೇ ಉಳಿದರೆ ಬೇಸರ ಮಾಡಿಕೊಳ್ಳುವುದಿಲ್ಲ. ಗುಳಿಗೆ ಬಚ್ಚಿಟ್ಟು ನುಂಗಬೇಡ.

ಅಳಿಯಂದಿರಿಗೆ, ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ಶಿವ ನಿನ್ನ ಬಾಯಿಯ ರುಚಿ ನಿನಗೇ ಉಳಿಸಲಿ.

ಇಂತಿ ನಿನ್ನ ಅವ್ವ,
ಸುಂದರವ್ವ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. "ದೀಪಾವಳಿಗೆ ಅಪ್ಪ ನಮ್ಮ ಮನ್ಯಾಗ ನಾಕ ಹೋಳಿಗಿ ನಕ್ಕೋತ ಉಂಡ, ಅದೊಂದ ನನಗ ಸಮಾಧಾನ" ಅಂತ ಬರೆದಿದ್ದೀಯಲ್ಲ. ಅರ್ಧ ಉಂಡು ಅವರು ಕೈ ಅಡ್ಡ ಹಿಡಿದಿದ್ದರು. ನಿನ್ನ ಮಾವನವರು ಹೋಳಿಗೆಯ ಪರಾತ ನಿನ್ನ ಕೈಗೆ ಕೊಟ್ಟು, "ಮಗಳ ಕೈಯಾಂದೂ ಒಲ್ಲೆ ಅಂತೀರೇನ್ರಿ ಬೀಗರ?" ಅಂದರು. ಆಗ ಕೈ ತೆಗೆದರು. ನಿಮ್ಮ ರಾಮದುರ್ಗದಿಂದ ಬರುವಾಗ ಸವದತ್ತಿಯಲ್ಲಿ ಬಸ್ಸಿನ ಹಿಂದೆ ಹೋಗಿ ಎಲ್ಲ ವಾಂತಿ ಮಾಡಿದರು. ನಾನು ತಂಬಿಗೆಯಿಂದ ನೀರು ಹಾಕಿದೆ. ಬಾಯಿ ಒರೆಸಿಕೊಂಡು ಅಂದರು: "ನಾಕರಾಗ ಒಂದರದೂ ರುಚಿ ಗೊತ್ತಾಗ್ಲಿಲ್ಲ ನೋಡ. ಯಾವಾಗ ಬಿಡತಾರೋ ಅನಕೋತ ಕುಂತಿದ್ನಿ. ಶೀತಲಗ ಹೇಳಬ್ಯಾಡ."

ಆ ಊಟಕ್ಕೂ ಅವರ ಜೀವ ತೆಗೆದ ಕಾಲಿನ ಗಾಯ ಮಾಯದೇ ಹೋದದ್ದಕ್ಕೂ ಸಂಬಂಧವಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ನೀನೂ ಹಾಗೆಯೇ ನಂಬು. ನಿನಗೂ ಈ ಬ್ಯಾನಿ ಬರದಿದ್ದರೆ ನಾನು ಹೇಳುತ್ತಲೇ ಇರಲಿಲ್ಲ. ನಿನ್ನ ಸಮಾಧಾನ ಕಿತ್ತುಕೊಂಡೆ. ಇದನ್ನು ಬರೆಯುವಾಗಲೂ ನನಗೆ ಅಳು ಬರಲಿಲ್ಲ.

ಯುಗಾದಿಗೆ ನಿನ್ನ ತಾಟಿನಲ್ಲಿ ಅರ್ಧವೇ ಇರಲಿ. ಇಲ್ಲಿ ನಾನೂ ಅರ್ಧವೇ ಉಣ್ಣುತ್ತೇನೆ. ಮಿಕ್ಕ ಅರ್ಧ ಯಾರದು ಅಂತ ಮರೆವ್ವ ಕೇಳಿದರೆ, ರಾಮದುರ್ಗದಾಕಿದು ಅನ್ನುತ್ತೇನೆ.